ದೇಶ ಬಂತು, ಬೆರ್ಕು ಬರಲಿಲ್ಲ

೧೩ ಮೇ ೧೯೪೮, ಸೈಪ್ರಸ್ ಶಿಬಿರ
ನೀರಿನ ಲಾರಿ ಇವತ್ತೂ ತಡ. ಬಕೆಟ್ ಸಾಲಿನಲ್ಲಿಟ್ಟು ಬಂದೆ. ಪೆರ್ಲಳ ಬಟ್ಟೆ ಒಗೆಯದೆ ಹಾಗೇ ಬಿದ್ದಿವೆ. ಎರಡು ತಿಂಗಳ ಕೂಸು, ಈ ತಗಡಿನ ಶೆಡ್ಡಿನಲ್ಲೇ ಹುಟ್ಟಿದ್ದು. ರೊಮೇನಿಯಾದಿಂದ ಹಡಗು ಹತ್ತಿದ್ದು ಪ್ಯಾಲೆಸ್ತೀನಿಗೆ ಅಂತ. ಬ್ರಿಟಿಷರು ನಡುಕಡಲಲ್ಲಿ ಹಿಡಿದು ತಂದು ಇಲ್ಲಿ ತಂತಿಬೇಲಿಯೊಳಗೆ ಕೂಡಿಹಾಕಿದರು. ನನ್ನ ಗಂಡ ಬೆರ್ಕು ಹೀಬ್ರೂ ಪಾಠಕ್ಕೆ ಹೋಗಿದ್ದಾನೆ. ಅತ್ತೆ ಗೊಣಗುತ್ತಿದ್ದಾರೆ, ಸೆಕೆಗೆ.

೧೫ ಮೇ
ನಿನ್ನೆ ನಮ್ಮ ಯಹೂದಿಗಳ ದೇಶ ಘೋಷಣೆಯಾಯಿತಂತೆ. ರೇಡಿಯೊ ಕೇಳಿದವರು ಓಡಿಬಂದು ಹೇಳಿದರು. ಜನ ಕುಣಿದರು, ಅತ್ತರು. ಬೆರ್ಕು ನನ್ನನ್ನೂ ಮಗುವನ್ನೂ ಒಟ್ಟಿಗೇ ಎತ್ತಿಬಿಟ್ಟ. "ಎರಡು ಸಾವಿರ ವರ್ಷ, ಎಟಿ, ಎರಡು ಸಾವಿರ ವರ್ಷ" — ನನ್ನ ಹೆಸರು ಹಿಡಿದು ಅಷ್ಟೇ ಹೇಳುತ್ತಿದ್ದ.
ಅತ್ತೆ ಬಕೆಟ್ ಹಿಡಿದು ನಿಂತಿದ್ದರು. "ದೇಶ ಬಂತು, ಸರಿ. ನೀರು ಬಂತಾ?"
ಎಲ್ಲ ನಕ್ಕರು. ಬೇಲಿಯಾಚೆಯ ಸೋಲ್ಜರ್ ಮಾತ್ರ ನಿನ್ನೆಯ ಹಾಗೇ ನಿಂತಿದ್ದ.

೨ ಆಗಸ್ಟ್
ಹೆಂಗಸರು, ಮಕ್ಕಳು, ಮುದುಕರು ಹೊಸ ದೇಶಕ್ಕೆ ಹೋಗಬಹುದಂತೆ. ಬಂದೂಕು ಹಿಡಿಯೋ ವಯಸ್ಸಿನ ಗಂಡಸರನ್ನು ಬ್ರಿಟಿಷರು ಬಿಡಲ್ಲ. ಅಲ್ಲಿ ಅರಬರ ಜೊತೆ ಯುದ್ಧ... ಬೆರ್ಕುಗೆ ಮೂವತ್ತೊಂದು. ಬಿಟ್ಟು ಹೋಗಲ್ಲ ಅಂದೆ. ಅತ್ತೆಯೂ ಅದನ್ನೇ ಅಂದರು.

೧೯ ನವೆಂಬರ್
ಪೆರ್ಲಗೆ ವಾರದಿಂದ ಭೇದಿ. ಕಣ್ಣು ಗುಳಿಬಿದ್ದಿದೆ. ಡಾಕ್ಟರಮ್ಮ ನೇರವಾಗಿ ಹೇಳಿದರು — "ಇಲ್ಲಿ ಇನ್ನು ನನ್ನ ಕೈಲಾಗಲ್ಲ. ಹೈಫಾದಲ್ಲಿ ಆಸ್ಪತ್ರೆ ಇದೆ. ಗುರುವಾರ ಹಡಗು."
"ನೀವಿಬ್ಬರೂ ಮಗೂನ ಕರ್ಕೊಂಡು ಹೋಗಿ," ಅಂದ ಬೆರ್ಕು. "ನಾನು ಹಿಂದೇನೇ ಬರ್ತೀನಿ."
"ನಿಮ್ಮಣ್ಣನೂ ಇದೇ ಮಾತು ಹೇಳಿದ್ದ," ಅತ್ತೆ ಸಿಡುಕಿದರು. "ನದಿ ದಾಟೋವಾಗ."
ನಲವತ್ತೊಂದರ ಚಳಿ. ನಮ್ಮೂರು ಚೆರ್ನೌಟ್ಸಿಯಿಂದ ಸೈನಿಕರು ನಮ್ಮವರನ್ನೆಲ್ಲ ನದಿಯಾಚೆ ಅಟ್ಟಿದ್ದು. ಬೆರ್ಕುವಿನ ಅಣ್ಣ ಆ ದಡದಲ್ಲೇ ಉಳಿದುಹೋದ.
ಬೆರ್ಕು ಮಗುವಿನ ಬಟ್ಟೆ ಮಡಚತೊಡಗಿದ. ಅತ್ತೆ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅವನ ಕೈಯಿಂದ ಕಿತ್ತುಕೊಂಡರು.
"ಹೀಗಾ ಮಡಚೋದು, ದಡ್ಡ."
ತಾವೇ ಮಡಚಿಟ್ಟರು.

೨೬ ಡಿಸೆಂಬರ್, ಹೈಫಾ
ಬರೆಯದೆ ತಿಂಗಳ ಮೇಲಾಯಿತು. ಪೆರ್ಲ ಬದುಕಿಕೊಂಡಳು. ನಿನ್ನೆ ಆಸ್ಪತ್ರೆಯಿಂದ ಬಿಟ್ಟರು. ಬೆರ್ಕು ಇನ್ನೂ ಶಿಬಿರದಲ್ಲೇ.
ವಲಸೆ ಆಫೀಸಿನವನು ಒಂದು ಮನೆಯ ಬೀಗ ತೆಗೆದುಕೊಟ್ಟ. ಕಲ್ಲಿನ ಮನೆ. ಕಿಟಕಿಯಲ್ಲಿ ಸಮುದ್ರ. ಮಂಚ, ತಟ್ಟೆಗಳು, ಗೋಡೆಯಲ್ಲಿ ಯಾರದೋ ಮದುವೆ ಫೋಟೊ — ಎಲ್ಲ ಇದ್ದ ಹಾಗೇ.
"ಯಾರ ಮನೆ ಇದು?" ಅಂದೆ.
"ಅರಬರದು. ಏಪ್ರಿಲ್‌ನಲ್ಲಿ ಹೋದ್ರು."
"ಹೋದ್ರಾ, ಓಡಿಸಿದ್ರಾ?" ಅತ್ತೆ ಕೇಳಿದರು.
"ಯುದ್ಧ ಅಜ್ಜಿ. ನಮ್ಮವರೂ ಸತ್ತಿದ್ದಾರೆ. ಬೇಡ ಅಂದ್ರೆ ಟೆಂಟಿದೆ, ಹೇಳಿ."
ಮಳೆ ಹೊಯ್ಯುತ್ತಿತ್ತು. ಮಗು ಕೆಮ್ಮುತ್ತಿತ್ತು. ಕೀ ಇಸಕೊಂಡೆ.
ಅತ್ತೆ ಮಂಚ ಮುಟ್ಟಲಿಲ್ಲ. ನೆಲದ ಮೇಲೆ ಕಂಬಳಿ ಹಾಸಿದರು. ಒಳಕೋಣೆಯಲ್ಲಿ ತೊಟ್ಟಿಲು ಸಿಕ್ಕಿತು, ಒಳ್ಳೇ ಮರದ್ದು. ಪೆರ್ಲಗೆ ಹುಟ್ಟಿದ ಮೇಲೆ ಮೊದಲ ತೊಟ್ಟಿಲು. ಹಾಕಿದ ಕೂಡಲೇ ನಿದ್ದೆಹೋದಳು.
ಅತ್ತೆ ಬಂದು ಅಂಚು ಸವರಿದರು. "ಇದರಲ್ಲಿ ಮಲಗ್ತಿದ್ದ ಮಗು ಈಗ ಎಲ್ಲಿ ಮಲಗಿರುತ್ತೆ, ಎಟಿ?"
ಗೊತ್ತಿಲ್ಲ ಅಂದೆ. ಪೆರ್ಲಳನ್ನು ಎತ್ತಿಕೊಂಡುಬಿಡಬೇಕು ಅನಿಸಿತು. ಎತ್ತಲಿಲ್ಲ.
ಬೆರ್ಕುಗೆ ಕಾಗದ ಬರೆಯೋಕೆ ಕೂತಿದ್ದೇನೆ. ಮನೆ ಸಿಕ್ಕಿತು, ಅಂತ ಬರೆದೆ. ಯಾರದು ಅಂತ ಕೇಳ್ತಾನೆ, ಕೇಳೇ ಕೇಳ್ತಾನೆ. ಅದಕ್ಕೆ ಮೊದಲೇ ನಾನೇ ಬರೆದುಬಿಡಬೇಕು, ಈ ಮನೆ, ಈ ತೊಟ್ಟಿಲು ಯಾರದು ಅಂತ —