ಹಡಗು ಹತ್ತದ ಅಮ್ಮ

ನ್ಯೂ ಆರ್ಲಿಯನ್ಸ್
ಫೆಬ್ರವರಿ 14, 2011

ಪ್ರೀತಿಯ ಬ್ರಿಟಾ ಅಕ್ಕ,

ನಾವು ಹಡಗು ಹತ್ತಲಿಲ್ಲ. ಅಮ್ಮ ಹುಷಾರಾಗಿದ್ದಾಳೆ, ನಾನೂ ಹುಷಾರಾಗಿದ್ದೇನೆ, ಗಾಬರಿಯಾಗಬೇಡ. ನಿನ್ನೆಯಿಂದ ನಿನ್ನ ಫೋನು ಬರುತ್ತಲೇ ಇದೆ. ಎತ್ತಿದರೆ ಏನು ಹೇಳಲಿ? ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವುದಿಲ್ಲವಲ್ಲ ಎಂದು ಬರೆಯಲು ಕೂತಿದ್ದೇನೆ.

ಅಪ್ಪ ತೀರಿಕೊಂಡ ಮೇಲಿನ ಈ ಮೊದಲ ಪ್ರವಾಸಕ್ಕೆ ಮಯಾಮಿಯಿಂದ ಹೊರಡುವ ಹಡಗೇ ಚೆನ್ನಾಗಿದೆ ಎಂದು ನೀನೂ ನಾನೂ ಎಷ್ಟು ಹೇಳಿದೆವು! ಅಮ್ಮ ಕೇಳಲಿಲ್ಲ. ನ್ಯೂ ಆರ್ಲಿಯನ್ಸಿನದೇ ಬೇಕು, ಒಂದು ದಿನ ಮುಂಚೆ ಹೋಗಿ ಊರು ನೋಡಬೇಕು ಎಂದು ಹಟ ಹಿಡಿದಳು. ಬಂದ ಮೇಲೆ ನೋಡಿದರೆ ಊರು ನೋಡಲು ಮನಸ್ಸೇ ಇಲ್ಲ. ನಾನೊಬ್ಬಳೇ ನದೀದಂಡೆ, ಚರ್ಚು ಎಲ್ಲ ಸುತ್ತಿ ಬಂದೆ. ಅವಳು ಹೋಟೆಲಿನ ಕಿಟಕಿ ಪರದೆಯನ್ನೂ ಸರಿಸಿರಲಿಲ್ಲ.

ನಿನ್ನೆ ಬೆಳಿಗ್ಗೆ ಎದ್ದವಳೇ ಕೋಟು ತೊಟ್ಟು, ಸುಮ್ಮನೆ ಒಂದು ಸುತ್ತು ಹೋಗಿಬರೋಣ ಎಂದಳು. ನಾನು ನಕ್ಷೆ ಬಿಚ್ಚಿದರೆ ಅದರ ಕಡೆ ತಿರುಗಿಯೂ ನೋಡಲಿಲ್ಲ. ಅಂಗಡಿಬೀದಿ ದಾಟಿ, ದೊಡ್ಡ ಓಕ್ ಮರಗಳ ರಸ್ತೆ ದಾಟಿ, ಪ್ರವಾಸಿಗರು ಯಾರೂ ಕಾಲಿಡದ ಓಣಿಗಳಲ್ಲಿ ಸರಸರ ನಡೆದಳು. ಮಂಡಿನೋವಿನ ಅಮ್ಮ, ಅಕ್ಕ! ನಾನು ಏದುಸಿರು ಬಿಡುತ್ತಾ ಹಿಂದೆ ಓಡುತ್ತಿದ್ದೆ. ಮನೆಗಳಿಗೆ ಇನ್ನೂ ಐದು ವರ್ಷದ ಹಿಂದಿನ ಆ ಚಂಡಮಾರುತದ ಪ್ರವಾಹದ ನೀರಿನ ಗೆರೆ ಅಂಟಿಕೊಂಡೇ ಇದೆ. ಆ ವಾರವೆಲ್ಲ ಅಮ್ಮ ಟಿವಿ ಮುಂದಿನಿಂದ ಏಳದೆ ಅತ್ತದ್ದು ನೆನಪಿದೆಯಾ? ಎಂಥ ಮೃದು ಮನಸ್ಸು ಎಂದುಕೊಂಡಿದ್ದೆವು ನಾವು.

ಒಂದು ಕಿರಿದಾದ ಹಸಿರು ಮನೆಯ ಮುಂದೆ ಅಮ್ಮ ನಿಂತಳು. ಮೆಟ್ಟಿಲ ಮೇಲೆ ಒಬ್ಬ ಕಪ್ಪು ಮುದುಕಿ ಮಡಿಲಲ್ಲಿ ಪಾತ್ರೆ ಇಟ್ಟುಕೊಂಡು ಸಿಗಡಿ ಬಿಡಿಸುತ್ತಿದ್ದಳು. ತಲೆಯೆತ್ತಿ ಅಮ್ಮನನ್ನು ನೋಡಿದಳು. ನೋಡುತ್ತಲೇ ಇದ್ದಳು. ಆಮೇಲೆ ತೀರಾ ಮೆಲ್ಲಗೆ, "ಬಂದ್ಯಾ ಲಾಲಿ? ಇನ್ನೂ ಅಲ್ಲೇ ನಿಂತಿರ್ತೀಯಾ?" ಎಂದಳು.

ನಾನು ಅಮ್ಮನ ತೋಳು ಹಿಡಿದುಕೊಂಡು, "ಕ್ಷಮಿಸಿ, ನೀವು ಬೇರೆ ಯಾರೋ ಅಂದ್ಕೊಂಡಿದೀರಿ. ಇವರ ಹೆಸರು ಎಲೇನ್" ಎಂದೆ.

ಮುದುಕಿ ನಕ್ಕ ನಗುವಿಗೆ ಪಾತ್ರೆಯೇ ಉರುಳಿತು. "ಹೌದೇನಮ್ಮಾ? ಹಂಗಾದ್ರೆ ನಮ್ಮಮ್ಮನ ಮುಖ ಯಾಕೆ ಹೊತ್ಕೊಂಡು ಓಡಾಡ್ತಿದಾಳೆ, ಕೇಳು!"

ಅಮ್ಮ ನನ್ನ ಕೈ ಬಿಡಿಸಿಕೊಂಡು ಆ ಮೆಟ್ಟಿಲ ಮೇಲೆ, ಸಿಗಡಿಗಳ ನಡುವೆಯೇ, ಕುಸಿದು ಕೂತಳು.

ಅಕ್ಕ, ಅವಳ ಹೆಸರು ಕ್ಲೋಟಿಲ್ಡ್. ಅಮ್ಮನ ಒಡಹುಟ್ಟಿದ ಅಕ್ಕ. ನಮಗೊಬ್ಬ ದೊಡ್ಡಮ್ಮ ಇದ್ದಾಳೆ. ಅಮ್ಮನ ಹೆಸರು ಎಲೇನ್ ಅಲ್ಲ, ಯೂಲಾಲಿ; ಮನೆಯವರ ಬಾಯಲ್ಲಿ ಲಾಲಿ. ಅವಳು ಅನಾಥಾಲಯದಲ್ಲಿ ಬೆಳೆದವಳಲ್ಲ. ಈ ಓಣಿಯ ಕಪ್ಪು ಜನರ ಮನೆಯ ಮಗಳು, ಆರು ಮಕ್ಕಳಲ್ಲಿ ಎಲ್ಲರಿಗಿಂತ ಬೆಳ್ಳಗಿದ್ದವಳು. ಬರೆದದ್ದನ್ನು ನಾನೇ ತಿರುಗಿ ಓದುತ್ತಿದ್ದೇನೆ. ನಂಬಿಕೆ ಬರುತ್ತಿಲ್ಲ.

ಅಮ್ಮನೇ ಹೇಳಿದಳು: "ಆಗೆಲ್ಲ ಟ್ರಾಮ್‌ನಲ್ಲಿ ಒಂದು ಹಲಗೆ ಇರ್ತಿತ್ತು. ಅದರ ಹಿಂದೆ ಕರಿಯರು, ಮುಂದೆ ಬಿಳಿಯರು. ಒಂದಿನ ಸುಸ್ತಾಗಿತ್ತು, ಹಿಂದೆ ಜಾಗ ಇರಲಿಲ್ಲ, ಮುಂದೆ ಕೂತೆ. ಯಾರೂ ಎಬ್ಬಿಸಲಿಲ್ಲ. ಒಬ್ಬ ಗಂಡಸು ಟೋಪಿ ತೆಗೆದು ನಮಸ್ಕಾರ ಬೇರೆ ಮಾಡಿದ. ಆಮೇಲೆ ನಂಗೆ ಹಿಂದೆ ಹೋಗಿ ಕೂರೋಕಾಗ್ಲಿಲ್ಲ." ಹತ್ತೊಂಬತ್ತನೆಯ ವಯಸ್ಸಿಗೆ ಉತ್ತರದ ರೈಲು ಹತ್ತಿದವಳು ಡುಲೂತ್‌ನ ಚಳಿಯಲ್ಲಿ ಹೊಸ ಹೆಸರಿನ ಬಿಳಿ ಹುಡುಗಿಯಾಗಿ ಇಳಿದಳು. ಅಪ್ಪ ಸಿಕ್ಕಿದ. ಉಳಿದದ್ದು ನಿನಗೆ ಗೊತ್ತು. ಗೊತ್ತು ಎಂದುಕೊಂಡಿದ್ದೆವು.

ತಮ್ಮಿಬ್ಬರ ತಾಯಿ ಯಾವಾಗ ಹೋದಳು ಎಂದು ಅಮ್ಮ ಕೇಳಿದಳು. ದೊಡ್ಡಮ್ಮ ವರ್ಷ ಹೇಳಲಿಲ್ಲ. "ಗೊತ್ತಾಗಿದ್ರೆ ಬರ್ತಿದ್ಯಾ?" ಎಂದಳು.

"ಇಲ್ಲ" ಎಂದಳು ಅಮ್ಮ. "ಬರ್ತಿರಲಿಲ್ಲ."

"ಸದ್ಯ, ಸುಳ್ಳಂತೂ ಹೇಳ್ಲಿಲ್ವಲ್ಲ" ಎಂದು ದೊಡ್ಡಮ್ಮ ಚೆಲ್ಲಿದ ಸಿಗಡಿ ಬಾಚತೊಡಗಿದಳು. ಅಮ್ಮನೂ ಬಾಚಿದಳು. ಅಳು ಶುರುವಾದದ್ದು ಆಗ.

ನನಗೆ ಸಿಟ್ಟು ಬಂತು. ಯಾಕಮ್ಮಾ, ಇಷ್ಟು ವರ್ಷ, ನಮಗೂ ಹೇಳಲಿಲ್ಲವಲ್ಲ ಎಂದು ಕೂಗಾಡಿದೆ. ಅವಳು ಹೇಳಿದ್ದು ಇಷ್ಟು: "ನಿಮ್ಮಪ್ಪನಿಗೆ ಗೊತ್ತಾಗಿದ್ರೆ ನಿಮ್ಮನ್ನ ಕಿತ್ಕೊಂಡು ನನ್ನ ಹೊರಗೆ ಹಾಕ್ತಿದ್ದ. ಮಗು ಕಪ್ಪಗೆ ಹುಟ್ಟಿದ್ರೆ ಅಂತ ಎರಡು ಬಸಿರಲ್ಲೂ ಒಂದು ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ ಕಣೇ. ನೀನು ಹುಟ್ಟಿದಾಗ ಗಂಡೋ ಹೆಣ್ಣೋ ಅಂತ ಕೇಳಲಿಲ್ಲ ನಾನು. ದೀಪದ ಹತ್ರ ಹಿಡೀರಿ ಅಂದೆ."

ನಾನೂ ಅವಳ ಪಕ್ಕ ಮೆಟ್ಟಿಲ ಮೇಲೆ ಕೂತೆ.

ಸಂಜೆ ನಾಲ್ಕಕ್ಕೆ ಹಡಗು. ಮಧ್ಯಾಹ್ನ ಹೊರಡೋಣ ಎಂದೆ. ಅಮ್ಮ ಕದಲಲಿಲ್ಲ. ನೀನು ಹೋಗು, ನಾನು ಇಲ್ಲೇ ಇರುತ್ತೇನೆ ಎಂದಳು. ಅವಳನ್ನು ಬಿಟ್ಟು ಯಾವ ಸಮುದ್ರ ನೋಡಲಿ? ಹೋಟೆಲಿನಿಂದ ಪೆಟ್ಟಿಗೆಗಳನ್ನು ತಂದು ಈ ಮನೆಯಲ್ಲಿಟ್ಟೆ. ಊಟಕ್ಕೆ ಅದೇ ಸಿಗಡಿಯ ಗಂಬೋ ಎಂಬ ಸಾರು, ಅನ್ನ. ಅಮ್ಮ ಒಂದು ತುತ್ತು ಬಾಯಿಗಿಟ್ಟು, "ಬೆಂಡೆಕಾಯಿ ಕಮ್ಮಿ ಆಯ್ತು" ಎಂದಳು. "ಐವತ್ತು ವರ್ಷ ಆದ್ಮೇಲೆ ಬಂದು ಕೊಂಕು ತೆಗೀತಾಳೆ ನೋಡು!" ಎಂದು ದೊಡ್ಡಮ್ಮ ಸೌಟು ಎತ್ತಿದಳು. ಇಬ್ಬರೂ ನಕ್ಕರು. ನನ್ನ ಅಮ್ಮ ಹಾಗೆ ನಗುವುದನ್ನು ನಾನು ನೋಡಿಯೇ ಇರಲಿಲ್ಲ.

ನಿನಗೆ ಹೇಳಬೇಡ ಎಂದು ಅಮ್ಮ ಆಣೆ ಹಾಕಿಸಿಕೊಳ್ಳಲು ನೋಡಿದಳು. ನಾನು ಹಾಕಲಿಲ್ಲ. ನಮ್ಮ ಮನೆಯಲ್ಲಿ ಇಂಥದ್ದು ಸಾಕು. ಸಿಟ್ಟು ಬಂದರೆ ಬರಲಿ, ಅಕ್ಕ, ಆದರೆ ಸಿಟ್ಟಿನಲ್ಲೇ ಆದರೂ ಇಲ್ಲಿಗೆ ಬಾ.

ನಿನ್ನ ತಂಗಿ,
ಮಾರೆನ್

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಅಮ್ಮ ಊಟ ಮಾಡಿ ಒಳಗೆ ಮಲಗಿದ್ದಾಳೆ. ಈಗ ತಟ್ಟೆ ತೊಳೆಯುವಾಗ ದೊಡ್ಡಮ್ಮ ಕೇಳಿದಳು: "ನಿಮ್ಮಪ್ಪ ಹೋಗ್ಬಿಟ್ನಾ? ಒಳ್ಳೆ ಮನುಷ್ಯ. ಎಡಗಿವಿ ಕೇಳಿಸ್ತಿರಲಿಲ್ಲ, ಅಲ್ವಾ?" ಎಡಗಿವಿಯ ವಿಷಯ ನಾವ್ಯಾರೂ ಹೇಳಿರಲಿಲ್ಲ; ನಿಮಗೆ ಹೇಗೆ ಗೊತ್ತು ಎಂದೆ. ನೀನು ಹುಟ್ಟುವಾಗ ಅಮ್ಮ ಮತ್ತಿನ ಮದ್ದಿನಲ್ಲಿ ಈ ಓಣಿಯ ಹೆಸರನ್ನೂ ಅಕ್ಕನ ಹೆಸರನ್ನೂ ಕನವರಿಸಿದ್ದಳಂತೆ. ಅಪ್ಪ ಕೆಲಸದ ನೆಪ ಹೇಳಿ, ಹುಡುಕಿಕೊಂಡು ಇಲ್ಲಿಗೆ ಬಂದಿದ್ದನಂತೆ. ಅಜ್ಜಿಗೆ ನಿನ್ನ ಫೋಟೋ ಕೊಟ್ಟು, ಈ ಮೇಜಿನಲ್ಲೇ ಉಂಡು ಹೋದನಂತೆ. "ಅವಳಾಗೇ ಹೇಳಲಿ. ಅಲ್ಲಿವರೆಗೂ ನೀವ್ಯಾರೂ ಬರೀಬೇಡಿ. ನಾನು ಕಾಯ್ತೀನಿ" ಎಂದಿದ್ದನಂತೆ. ಅವನು ಸಾಯುವವರೆಗೂ ಕಾದ, ಅಕ್ಕ. ಅವಳು ಅವನು ಸಾಯಲಿ ಎಂದು ಕಾದಳು. ಅವಳು ಇನ್ನೇನು ಏಳುತ್ತಾಳೆ. ಅವಳಿಗೆ ಇದನ್ನು ಯಾವ ಬಾಯಲ್ಲಿ ಹೇಳಲಿ?