ಪಿ.ಟಿ. ಮೇಷ್ಟ್ರ ತೂಕದ ಪಟ್ಟಿ

ಸಾರಕ್ಕಿ, ಜೆ.ಪಿ. ನಗರ
ಮಾರ್ಚ್ ೧, ಭಾನುವಾರ

ಚಿರಂಜೀವಿ ಚಿದಾನಂದನಿಗೆ ಅಮ್ಮನ ಆಶೀರ್ವಾದ.

ಹೇಗಿದ್ದೀಯಪ್ಪ? ರಾಯಚೂರಿನಲ್ಲಿ ಬಿಸಿಲು ಆಗಲೇ ತಲೆ ಸುಡುತ್ತಿದೆ ಎಂದು ಕಮಲಾ ಹೇಳಿದಳು. ನಿನ್ನ ಕಣ್ಣುರಿ ಕಡಿಮೆಯಾಯಿತೇ? ಪವರ್ ಸ್ಟೇಷನ್ನಿನ ಬೂದಿಗೆ ಕಣ್ಣು ಕೊಟ್ಟುಕೊಂಡು ಕೂತಿದ್ದೀಯ, ಮನೆಗೆ ಬಂದ ತಕ್ಷಣ ತಣ್ಣೀರಿನಲ್ಲಿ ತೊಳೆದುಕೋ. ಟೀ ಎಷ್ಟು ಕುಡಿಯುತ್ತೀಯೋ ಅಷ್ಟು ಮಜ್ಜಿಗೆಯನ್ನೂ ಕುಡಿ. ಕಮಲಾಳ ಬೆನ್ನುನೋವಿಗೆ ನಾನು ಕಳಿಸಿದ ಎಣ್ಣೆ ಹಚ್ಚುತ್ತಿದ್ದಾಳೋ, ಇಲ್ಲಾ ಬೀರುವಿನಲ್ಲಿಟ್ಟು ಪೂಜೆ ಮಾಡುತ್ತಿದ್ದಾಳೋ ಕೇಳು. ನನ್ನ ಮಂಡಿ ಇದ್ದ ಹಾಗೇ ಇದೆ, ಅದರ ಸುದ್ದಿ ಬಿಡು. ನಿನ್ನ ಮಗಳು ಸಿರಿ ಚೆನ್ನಾಗಿದ್ದಾಳೆ. ಈ ಮಾತನ್ನು ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ಒಂದೂವರೆ ತಿಂಗಳ ಹಿಂದೆ ಬರೆದಿದ್ದರೆ ಸುಳ್ಳಾಗುತ್ತಿತ್ತು.

ದಿನಾ ಫೋನಿನಲ್ಲಿ ಮಾತಾಡುವ ಅಮ್ಮ ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ಮೂವತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ಕೂತವಳು ನಾನು. ಫೋನಿಗೆ ಎಷ್ಟು ಕಿವಿಗಳಿರುತ್ತವೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು! ಎರಡು ರೂಮಿನ ಮನೆ, ನಾನು ಪಿಸುಗುಟ್ಟಿದರೂ ಸಿರಿಗೆ ಕೇಳುತ್ತದೆ. ವಾಟ್ಸಾಪಿನಲ್ಲಿ ಕಳಿಸೋಣವೆಂದರೆ ನನಗೆ ಅದನ್ನು ಹಾಕಿಕೊಟ್ಟವಳೇ ಅವಳು. ಅದಕ್ಕೇ ಅವಳು ಗೆಳತಿಯ ಮನೆಗೆ ಓದಲು ಹೋಗಿರುವಾಗ ಬರೆಯುತ್ತಿದ್ದೇನೆ, ನಾಳೆ ನಾನೇ ಹೋಗಿ ಸ್ಪೀಡ್ ಪೋಸ್ಟ್ ಮಾಡುತ್ತೇನೆ. ಒಂದು ತಿಂಗಳ ರಜೆ ಸಿಕ್ಕಿತು, ಹನ್ನೆರಡನೇ ತಾರೀಖಿಗೆ ಬಂದು ಪರೀಕ್ಷೆ ಮುಗಿಯುವವರೆಗೂ ಮಗಳ ಪಕ್ಕದಲ್ಲೇ ಕೂರುತ್ತೇನೆ ಎಂದೆಯಲ್ಲ, ಆ ವಿಷಯವನ್ನೂ ಬರೆಯಬೇಕು. ಮೊದಲು ಮಿಕ್ಕಿದ್ದನ್ನು ಹೇಳಿಬಿಡುತ್ತೇನೆ. ನಿನಗೆ ಅರ್ಧ ಓದಿ ರೇಗುವ ಚಾಳಿ ಇದೆ, ದಯವಿಟ್ಟು ಪೂರ್ತಿ ಓದು.

ಡಿಸೆಂಬರಿನಲ್ಲಿ ಸ್ಕೂಲಿನವರು ಹತ್ತನೇ ಕ್ಲಾಸಿನ ಮಕ್ಕಳನ್ನೆಲ್ಲ ಮೇಷ್ಟ್ರುಗಳಿಗೆ ಹಂಚಿದರು, ಒಬ್ಬೊಬ್ಬರಿಗೆ ಹತ್ತು ಮಕ್ಕಳು. ಬೆಳಗಿನ ಜಾವ ಐದಕ್ಕೆ ಅವರವರ ಮನೆಗೆ ಫೋನ್ ಮಾಡಿ ಎಬ್ಬಿಸಿ ಓದಲು ಕೂರಿಸಬೇಕು. ಗಣಿತದ ಮೇಡಂ ಪಾಲಿಗೆ ಬಂದ ಮಕ್ಕಳ ಅಪ್ಪಅಮ್ಮಂದಿರು ಲಾಟರಿ ಹೊಡೆದವರ ಹಾಗೆ ಬೀಗಿದರು. ನಮ್ಮ ಸಿರಿ ಹೋಗಿದ್ದು ಪಿ.ಟಿ. ಮೇಷ್ಟ್ರು ಕೆಂಪರಾಜು ಅವರ ಪಾಲಿಗೆ. ನನಗೆ ಮೈಯೆಲ್ಲ ಉರಿಯಿತು. ವಿಶಲ್ ಊದುವವರಿಗೆ ವಿಜ್ಞಾನ ಏನು ಗೊತ್ತು ಎಂದು ಎದುರು ಮನೆಯ ಈಶ್ವರಮ್ಮನ ಮುಂದೆ ಗೊಣಗಿದೆ. ಆಮೇಲೆ ಒಂದು ಕಳ್ಳ ಕೆಲಸವನ್ನೂ ಮಾಡಿದೆ. ಸಿರಿ ಹನ್ನೊಂದರ ತನಕ ಪುಸ್ತಕ ಹಿಡಿದು ಸೋತು ಮಲಗಿರುತ್ತಿದ್ದಳು, ಎಬ್ಬಿಸಲು ಮನಸ್ಸು ಬರುತ್ತಿರಲಿಲ್ಲ. ಫೋನು ನನ್ನ ತಲೆಯ ಹತ್ತಿರವೇ ಇರುತ್ತಿತ್ತು. ಐದಕ್ಕೆ ರಿಂಗಾದರೆ ನಾನೇ ಎತ್ತಿ, "ಎದ್ದಿದ್ದಾಳೆ ಸಾರ್, ಓದ್ತಾ ಕೂತಿದ್ದಾಳೆ" ಅಂದುಬಿಡುತ್ತಿದ್ದೆ. ಎಷ್ಟೋ ಸಾವಿರ ಜನರನ್ನು ಅಲಾರಂ ಕಾಲ್ ಮಾಡಿ ಎಬ್ಬಿಸಿದವಳು ಮೊಮ್ಮಗಳ ವಿಷಯದಲ್ಲಿ ಹೀಗೆ ಮೋಸ ಮಾಡಿದೆ. ನಾಲ್ಕನೆಯ ದಿನ ಆ ಕಡೆಯಿಂದ ಮೇಷ್ಟ್ರು ನಕ್ಕರು. "ಅಜ್ಜಿ, ಮಲಗಿದ್ರೆ ಮಲಗಿರ್ಲಿ ಬಿಡಿ, ನಾನ್ ಹೆಡ್‌ಮೇಡಂಗೆ ಹೇಳಲ್ಲ. ನಿನ್ನೆ ಸರಿಯಾಗಿ ಊಟ ಮಾಡಿದ್ಳಾ? ಅದ್ ಹೇಳಿ" ಅಂದರು. ನನಗೆ ಅವಮಾನವಾಯಿತು. ನಮ್ಮ ಮನೆಯಲ್ಲಿ ಊಟಕ್ಕೇನು ಬರವೇ ಎಂದು ಚುರುಕಾಗಿಯೇ ಕೇಳಿದೆ. ಮರುದಿನವೂ ಅವರು ಅದನ್ನೇ ಕೇಳಿದರು, ಅದರ ಮರುದಿನವೂ ಕೇಳಿದರು.

ಜನವರಿ ಕೊನೆಯ ಶನಿವಾರ ಸಂಜೆ ಸ್ಕೂಟರಿನಲ್ಲಿ ಮನೆಗೇ ಬಂದರು. ಈ ಸಾರಕ್ಕಿಯ ಹಳೇ ಊರಿನವರೇ ಅವರು. ಈಗ ಅಪಾರ್ಟ್‌ಮೆಂಟ್ ಎದ್ದಿರುವ ಕಡೆ ಅವರ ತಾತ ರಾಗಿ ಬೆಳೆಯುತ್ತಿದ್ದರಂತೆ. ಸಿರಿಯನ್ನು ಅಂಗಡಿಗೆ ಕಳಿಸಿ ಎಂದರು. ಅವಳು ಹೋದ ಮೇಲೆ ಚೀಲದಿಂದ ಉದ್ದನೆಯ ನೋಟ್‌ಬುಕ್ ತೆಗೆದು ನನ್ನ ಮುಂದಿಟ್ಟರು. ಜೂನ್ ಮತ್ತು ಜನವರಿಯಲ್ಲಿ ಮಕ್ಕಳ ಎತ್ತರ, ತೂಕ ಬರೆದುಕೊಳ್ಳುವುದು ಪಿ.ಟಿ. ಮೇಷ್ಟ್ರ ಕೆಲಸ. ಸಾಮಾನ್ಯವಾಗಿ ಅದನ್ನು ಬರೆದು ಮುಚ್ಚಿಡುತ್ತಾರೆ, ಈ ಮನುಷ್ಯ ಬರೆದದ್ದನ್ನು ಓದುತ್ತಾರೆ. ಸಿರಿಯ ಹೆಸರಿನ ಮುಂದೆ ಜೂನಿನಲ್ಲಿ ನಲವತ್ತಾರು ಕೆಜಿ ಇತ್ತು, ಜನವರಿಯಲ್ಲಿ ನಲವತ್ತೊಂದು. ಬೆಳೆಯುವ ಹುಡುಗಿ ಐದು ಕೆಜಿ ಇಳಿದಿದ್ದಾಳೆ. ನಾನು ಕಟ್ಟಿಕೊಡುತ್ತಿದ್ದ ಡಬ್ಬಿ ದಿನಾ ಖಾಲಿಯಾಗಿ ಬರುತ್ತಿತ್ತು, ಸಂಜೆಗೆ ಅವಳು "ಮಧ್ಯಾಹ್ನದ್ದೇ ಅರಗಿಲ್ಲ ಅಜ್ಜಿ" ಅನ್ನುತ್ತಿದ್ದಳು, ನಾನು ನಂಬುತ್ತಿದ್ದೆ. ಡಬ್ಬಿಯಲ್ಲಿದ್ದ ಅಕ್ಕಿರೊಟ್ಟಿ, ಅವರೆಕಾಳು ಉಪ್ಪಿಟ್ಟು ಎಲ್ಲವನ್ನೂ ಗೆಳತಿಯರಿಗೆ ಹಂಚುತ್ತಿದ್ದಳು ಎಂದು ಅವತ್ತು ಮೇಷ್ಟ್ರಿಂದ ಗೊತ್ತಾಯಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತಾರೆ, ನನಗೆ ತೂಕದ ಯಂತ್ರ ಬೇಕಾಯಿತು ನೋಡು. ಅಡುಗೆ ಮಾಡಿ ಬಡಿಸುವವಳಿಗೆ ಕಾಣದ್ದು ಮೈದಾನದಲ್ಲಿ ನಿಂತವರಿಗೆ ಕಂಡಿತು. ನನಗೆ ನಾಚಿಕೆಯಾಯಿತು.

ಈಗ ಹೇಳುವುದನ್ನು ಸಮಾಧಾನವಾಗಿ ಓದು. ಜನವರಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಗಣಿತಕ್ಕೆ ಎಂಬತ್ತಕ್ಕೆ ಎಪ್ಪತ್ತೊಂದು ಬಂತು ಎಂದು ಸಿರಿ ನಿನಗೆ ಹೇಳಿದ್ದು ಸುಳ್ಳು. ಅವಳು ಖಾಲಿ ಹಾಳೆ ಕೊಟ್ಟು ಬಂದಿದ್ದಳು. ಓದಿರಲಿಲ್ಲವೆಂದಲ್ಲ, ಪೆನ್ನು ಹಿಡಿದು ಕೂತರೂ ಒಂದು ಅಕ್ಷರವೂ ಮೂಡಲಿಲ್ಲವಂತೆ. ಆ ಕೋಣೆಯಲ್ಲಿ ಮೇಲ್ವಿಚಾರಣೆಗೆ ಇದ್ದವರು ಕೆಂಪರಾಜು ಮೇಷ್ಟ್ರೇ. ಎಲ್ಲರ ಮುಂದೆ ಎಬ್ಬಿಸಿ ಕೇಳಲಿಲ್ಲ, ಗದರಲಿಲ್ಲ, ಪಕ್ಕದಲ್ಲಿ ನೀರಿನ ಬಾಟಲಿ ಇಟ್ಟು ಸುಮ್ಮನೆ ಮುಂದೆ ಹೋದರು. ಪರೀಕ್ಷೆ ಮುಗಿದ ಮೇಲೆ ಮೈದಾನಕ್ಕೆ ಕರೆದುಕೊಂಡು ಹೋಗಿ ಸುಣ್ಣದ ಪುಡಿಯ ಬಕೆಟ್ಟನ್ನು ಕೈಗೆ ಕೊಟ್ಟು, ಖೋ ಖೋ ಆಟಕ್ಕೆ ಗೆರೆ ಹಾಕು ಎಂದರು. ಅರ್ಧ ಗೆರೆ ಹಾಕುವಷ್ಟರಲ್ಲಿ ಮಗು ಬಾಯಿ ಬಿಟ್ಟಿತು. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ, ನಿನಗೆ ನೋವಾಗುತ್ತದೆ, ಆದರೂ ಓದು. "ನಂಗೆ ಎಕ್ಸಾಮ್ ಭಯ ಇಲ್ಲ ಸಾರ್. ದಿನಾ ಎಂಟು ಗಂಟೆಗೆ ಅಪ್ಪಂದು ಫೋನ್ ಬರುತ್ತಲ್ಲ, ಅದೇ ಭಯ." ನೀನು ದಿನಾ ರಾತ್ರಿ ಎಂಟಕ್ಕೆ ಫೋನ್ ಮಾಡಿ, ಎಷ್ಟು ಪಾಠ ಆಯಿತು, ಎಷ್ಟು ಬಂತು, ಉಳಿದ ಮಾರ್ಕ್ಸ್ ಎಲ್ಲಿ ಹೋಯಿತು ಎಂದು ಕೇಳುತ್ತೀಯಲ್ಲ, ಏಳೂವರೆಯಿಂದಲೇ ಅವಳ ಗಂಟಲಿಗೆ ಅನ್ನ ಇಳಿಯುತ್ತಿರಲಿಲ್ಲ.

ಮೇಷ್ಟ್ರು ಸುಮ್ಮನೆ ಕೂರಲಿಲ್ಲ. ಗಣಿತದ ಮೇಡಂ ಹತ್ತಿರ ಮಾತಾಡಿದರು. ಆ ಮೇಡಂ ಕೂಡ ದೊಡ್ಡ ಮನಸ್ಸಿನವರು, ಒಂದು ಮಧ್ಯಾಹ್ನ ಆಟದ ಸಾಮಾನು ಇಡುವ ಕೋಣೆಯಲ್ಲಿ ಅವಳೊಬ್ಬಳನ್ನೇ ಕೂರಿಸಿ ಅದೇ ಪ್ರಶ್ನೆಪತ್ರಿಕೆ ಕೊಟ್ಟರು. ಐವತ್ತೆಂಟು ಬಂತು. ಸುಳ್ಳಿನ ಎಪ್ಪತ್ತೊಂದಕ್ಕಿಂತ ಈ ಐವತ್ತೆಂಟು ನನಗೆ ಹೆಚ್ಚು. ಮೇಷ್ಟ್ರು ನನ್ನ ಹತ್ತಿರ, "ನಾನ್ ಡಾಕ್ಟ್ರಲ್ಲ ಅಜ್ಜಿ. ಓಡ್ಸೋದು ಗೊತ್ತು, ಊಟ ಮಾಡ್ಸೋದು ಗೊತ್ತು. ಮಿಕ್ಕಿದ್ದಕ್ಕೆ ಬುಧವಾರ ಸ್ಕೂಲಿಗೆ ಒಬ್ರು ಕೌನ್ಸೆಲರ್ ಮೇಡಂ ಬರ್ತಾರೆ, ಅವ್ರ ಹತ್ರ ಕಳಿಸ್ತೀನಿ, ನೀವು ಬೇಡ ಅನ್ಬೇಡಿ" ಎಂದರು. ನಾನು ಹೂಂ ಅಂದೆ. ನಾಲ್ಕು ಬುಧವಾರ ಹೋಗಿ ಬಂದಿದ್ದಾಳೆ. ಏನು ಮಾತಾಡುತ್ತಾರೋ ನಾನು ಕೇಳಿಲ್ಲ, ಬಂದವಳು ನಿದ್ದೆ ಮಾಡುತ್ತಾಳೆ, ನನಗೆ ಅಷ್ಟು ಸಾಕು. ನಿನಗೆ ಆಗಲೇ ಹೇಳಬೇಕಿತ್ತು, ಹೇಳಲಿಲ್ಲ. ಅಪ್ಪನಿಗೆ ಹೇಳಬೇಡ ಎಂದು ಸಿರಿ ನನ್ನ ಸೆರಗು ಹಿಡಿದುಕೊಂಡು ಅತ್ತಳು.

ತಪ್ಪೆಲ್ಲ ನಿನ್ನದು ಎನ್ನುತ್ತಿಲ್ಲ ಚಿದೂ. ಮೊನ್ನೆ ಕೂದಲು ಬಾಚುವಾಗ ಸಿರಿ ಒಂದು ಮಾತು ಹೇಳಿದಳು. ನಿನ್ನ ಎಸ್ಸೆಸ್ಸೆಲ್ಸಿ ಸಮಯದಲ್ಲಿ ನಾವು ಶ್ರೀನಗರದಲ್ಲಿದ್ದೆವು, ನನಗೆ ನೈಟ್ ಡ್ಯೂಟಿ ಇರುತ್ತಿತ್ತು. ನಾನು ಎಕ್ಸ್‌ಚೇಂಜಿನಿಂದಲೇ ನಾಲ್ಕೂವರೆಗೆ ರಿಂಗ್ ಮಾಡಿ ನಿನ್ನನ್ನು ಎಬ್ಬಿಸುತ್ತಿದ್ದೆ. ನೀನು ಒಂದೇ ರಿಂಗಿಗೆ ಎತ್ತುತ್ತಿದ್ದೆ. ನನ್ನ ಮಗ ಒಂದೇ ರಿಂಗಿಗೆ ಎತ್ತುತ್ತಾನೆ ಎಂದು ಜೊತೆಯವರ ಮುಂದೆಲ್ಲ ಜಂಬ ಕೊಚ್ಚಿಕೊಂಡೆ, ನಿಮ್ಮಪ್ಪ ಬೇಡ ಕಣೇ ಎಂದರೂ ಕೇಳಲಿಲ್ಲ. ಆ ತಿಂಗಳೆಲ್ಲ ನೀನು ಫೋನಿನ ಪಕ್ಕದಲ್ಲಿ ಚಾಪೆ ಹಾಕಿಕೊಂಡು, ರಿಂಗಾಗುವ ಮುಂಚೆಯೇ ಎಚ್ಚರವಾಗಿ ಕಾಯುತ್ತಿದ್ದೆಯಂತೆ. ಮಗಳಿಗೆ ಹುರುಪು ಬರಲಿ ಎಂದು ನೀನು ಹೇಳಿದ ಕಥೆ ಅದು. ಬಾಚಣಿಗೆ ನನ್ನ ಕೈಯಲ್ಲೇ ಉಳಿಯಿತು. ಹದಿನೈದು ವರ್ಷದ ಹುಡುಗ ನನ್ನ ಭಯಕ್ಕೆ ನಿದ್ದೆಗೆಟ್ಟು ಕೂತಿದ್ದ, ಅದನ್ನು ನಾನು ಶ್ರದ್ಧೆ ಎಂದುಕೊಂಡಿದ್ದೆ. ನನ್ನನ್ನು ಕ್ಷಮಿಸು ಮಗನೇ. ಆ ಕೆಂಪರಾಜುವಿನಂಥ ಮೇಷ್ಟ್ರು ನಿನಗೂ ಒಬ್ಬರು ಸಿಗಬೇಕಿತ್ತು.

ನಿನ್ನೆಯ ಸಂಭ್ರಮ ಹೇಳದಿದ್ದರೆ ಈ ಕಾಗದ ಬರೀ ಅಳುಮೋರೆಯಾಗುತ್ತದೆ. ಹತ್ತನೇ ಕ್ಲಾಸಿನವರಿಗೆ ವರ್ಷದ ಕೊನೆಯ ದಿನ. ಬೀಳ್ಕೊಡುಗೆ ಭಾಷಣ, ಹಾರ, ಶಾಲು ಎಂದು ಮೂರು ಗಂಟೆ ಕೂರಿಸುತ್ತಾರೆ ಎಂದುಕೊಂಡು ಮಂಡಿಗೆ ಪಟ್ಟಿ ಕಟ್ಟಿಕೊಂಡು ಹೋದೆ. ಹೆಡ್‌ಮೇಡಂ ಐದು ನಿಮಿಷ ಮಾತಾಡಿ ಮೈಕನ್ನು ಪಿ.ಟಿ. ಮೇಷ್ಟ್ರಿಗೆ ಕೊಟ್ಟುಬಿಟ್ಟರು. ಈ ಮನುಷ್ಯನ ಹಟ ಕೇಳು. ಪರೀಕ್ಷೆ ಹತ್ತಿರ ಬಂದಾಗ ಎಲ್ಲ ಸ್ಕೂಲಿನಲ್ಲೂ ಪಿ.ಟಿ. ಪೀರಿಯಡ್ಡು ಗಣಿತದವರ ಬಾಯಿಗೆ ಹೋಗುತ್ತದೆ. ಇವರು ವರ್ಷಪೂರ್ತಿ ಒಂದನ್ನೂ ಬಿಟ್ಟುಕೊಟ್ಟಿಲ್ಲ. ಯಾರಾದರೂ ಕೇಳಿದರೆ, "ನಿಮ್ ಪೀರಿಯಡ್ ನಾನ್ ಯಾವತ್ತಾದ್ರೂ ಕೇಳಿದೀನಾ ಮೇಡಂ?" ಎಂದು ಕೈ ಮುಗಿಯುತ್ತಾರಂತೆ. ನಿನ್ನೆ ಮಕ್ಕಳ ವಿರುದ್ಧ ಅಪ್ಪಂದಿರನ್ನು ಖೋ ಖೋ ಆಡಿಸಿದರು. ಅಯ್ಯೋ, ನೋಡಬೇಕಿತ್ತು! ಕಾರಿನಿಂದಿಳಿದ ಇಸ್ತ್ರಿ ಶರ್ಟಿನವರೆಲ್ಲ ಹೊಟ್ಟೆ ಹಿಡಿದುಕೊಂಡು ಓಡಿದರು. ಜಯನಗರದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಕೈಲಾಸ್ ಎಂಬುವರು ತಿರುಗುವಾಗ ಕಂಬ ತಬ್ಬಿಕೊಂಡು ಬಿದ್ದರು, ಅವರ ಮಗನೇ ಎಬ್ಬಿಸಿ ಮಣ್ಣು ಒರೆಸಿದ. ಸಿರಿ ಮೂರು ಜನರನ್ನು ಔಟ್ ಮಾಡಿದಳು. ಎರಡು ಜಡೆ ಹಾರಿಸಿಕೊಂಡು ಅವಳು ಓಡುತ್ತಿದ್ದರೆ ನಾನು ಮಂಡಿ ಮರೆತು ಎದ್ದು ನಿಂತು ಚಪ್ಪಾಳೆ ಹೊಡೆದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಗುತ್ತೀಯ, ನಗು.

ಆಟ ಮುಗಿದ ಮೇಲೆ ಮೇಷ್ಟ್ರು ತಮ್ಮ ಹತ್ತು ಮಕ್ಕಳನ್ನೂ ಸಾಲಾಗಿ ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಸಿರಿಯ ಸರದಿ ಬಂದಾಗ ಬಗ್ಗಿ ನೋಡಿ, ಮೈದಾನದ ಆ ತುದಿಯಿಂದ ಈ ತುದಿಗೆ ಕೇಳುವ ಹಾಗೆ, "ಅಜ್ಜೀ, ಎರಡು ಕೆಜಿ!" ಎಂದು ಕೂಗಿದರು. ರ‍್ಯಾಂಕ್ ಬಂದಿದೆಯೇನೋ ಎಂದು ಪಕ್ಕದವರೆಲ್ಲ ತಿರುಗಿ ನೋಡಿದರು. ಹದಿನೈದು ವರ್ಷದ ಹುಡುಗಿಯ ತೂಕ ಹೀಗೆ ಊರಿಗೆಲ್ಲ ಸಾರುತ್ತಾರೆಯೇ ಎಂದು ಸಿರಿ ಮುಖ ಮುಚ್ಚಿಕೊಂಡಳು, ಬೆರಳ ಸಂದಿಯಲ್ಲಿ ನಗುತ್ತಿದ್ದಳು. ನಾನು ಆ ಮೇಷ್ಟ್ರ ಕೈ ಹಿಡಿದುಕೊಂಡೆ. ಅವರು, "ಇನ್ನೂ ಮೂರು ಬರ್ಬೇಕು ಅಜ್ಜಿ, ರೊಟ್ಟಿಗೆ ತುಪ್ಪ ಜಾಸ್ತಿ ಹಾಕಿ" ಎಂದು ಬೇರೆ ಮಗುವಿನ ಕಡೆ ಹೋದರು. ನನ್ನ ಆಯಸ್ಸಿನಲ್ಲಿ ದೊಡ್ಡ ದೊಡ್ಡ ಅಧಿಕಾರಿಗಳ ದನಿ ಕೇಳಿದ್ದೇನೆ, ಇಷ್ಟು ನಂಬಿಕೆ ಹುಟ್ಟಿಸಿದ ದನಿ ಕೇಳಿರಲಿಲ್ಲ.

ಸಿರಿ ಬರುವ ಹೊತ್ತಾಯಿತು, ನಿಲ್ಲಿಸುತ್ತೇನೆ. ಕಮಲಾಗೆ ಈ ಕಾಗದ ಓದಿ ಹೇಳು, ಅವಳು ಅತ್ತರೆ ಅಳಲಿ, ಮಗುವಿಗೆ ಮಾತ್ರ ಗೊತ್ತಾದ ಹಾಗೆ ತೋರಿಸಿಕೊಳ್ಳಬೇಡಿ. ಶಿವ ನಿಮ್ಮಿಬ್ಬರನ್ನೂ ತಂಪಾಗಿಟ್ಟಿರಲಿ.

ನಿನ್ನ ಅಮ್ಮ,
ಗಿರಿಜಾದೇವಿ

ಮ.ವಿ.: ಬರೆಯಬೇಕಾದ್ದನ್ನೇ ಬಿಟ್ಟು ಸಹಿ ಹಾಕಿದೆ, ಕೈ ಬರಲಿಲ್ಲ. ರಜೆಯ ಸುದ್ದಿ ನೀನು ಹೇಳಿದಾಗ ಸಿರಿ "ಖುಷಿ ಆಯ್ತು ಅಪ್ಪಾ" ಅಂದಳಲ್ಲ, ಫೋನಿಟ್ಟವಳು ಅನ್ನ ಕಲಸಿದ ತಟ್ಟೆಯನ್ನು ಹಾಗೇ ಬಿಟ್ಟು ಎದ್ದುಹೋದಳು. ನಿನ್ನ ಮೇಲೆ ಅವಳಿಗೆ ಪ್ರಾಣ, ಬರಬೇಡ ಎಂದು ಅವಳ ಬಾಯಲ್ಲಿ ಬರುವುದಿಲ್ಲ. ನಾನು ಹೇಳುತ್ತಿದ್ದೇನೆ, ಹನ್ನೆರಡಕ್ಕೆ ಬರಬೇಡ. ಎಂಟರ ಫೋನೂ ಬೇಡ, ಅವಳಾಗಿ ಮಾಡಿದಾಗ ಮಾತಾಡು. ಕೋಪ ಬಂದರೆ ನನ್ನ ಮೇಲೆ ತೀರಿಸಿಕೋ. ಹೆತ್ತ ಮಗನಿಗೆ ಮನೆಗೆ ಬರಬೇಡ ಎಂದು ಬರೆಯುವ ಕಾಲ ಬರುತ್ತದೆ ಎಂದುಕೊಂಡಿರಲಿಲ್ಲ. ಏಪ್ರಿಲ್ ಎರಡಕ್ಕೆ ಕೊನೆಯ ಪತ್ರಿಕೆ. ಅವತ್ತು ಬಾ, ಪರೀಕ್ಷೆ ಬಿಡುವ ಹೊತ್ತಿಗೆ ಗೇಟಿನ ಹೊರಗೆ ನಿಂತಿರು. ಬೇರೆ ಅಪ್ಪಂದಿರೆಲ್ಲ ಮಕ್ಕಳ ಕೈಯಿಂದ ಪ್ರಶ್ನೆಪತ್ರಿಕೆ ಕಿತ್ತುಕೊಳ್ಳುತ್ತಿರುತ್ತಾರೆ. ನೀನು ಬ್ಯಾಗು ಇಸಿದುಕೋ.