ಡ್ರಮ್ಮಿಗೆ ಮುಂಚಿನ ಗಿಟಾರು

ಟಿ. ದಾಸರಹಳ್ಳಿ
೨೧-೮-೧೯೮೩, ಭಾನುವಾರ

ಮಗನೇ ಶ್ಯಾಮಣ್ಣ,

ನಿನ್ನ ಕೆಮ್ಮು ಹೋಯಿತೇ? ಅಮ್ಮ ಕಳಿಸಿದ ಕಷಾಯದ ಪುಡಿ ಇನ್ನೂ ಡಬ್ಬಿಯಲ್ಲೇ ಕೂತಿದೆಯೆಂದು ನನಗೆ ಗೊತ್ತು, ಸುಳ್ಳು ಬರೆಯಬೇಡ. ಪುಣೆಯ ಮಳೆಯಲ್ಲಿ ನೆನೆದುಕೊಂಡು ಟ್ರೈನಿಂಗಿಗೆ ಹೋಗಬೇಡ. ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ. ನಾನೂ ಚೆನ್ನಾಗಿದ್ದೇನೆ ಅಂತಲೇ ಬರೆಯಲು ಕೂತೆ. ಹೋದ ತಿಂಗಳು ನೀನು ಪಕ್ಕದ ಅಂಗಡಿಗೆ ಟ್ರಂಕ್ ಕಾಲ್ ಮಾಡಿದಾಗ ಬರೀ ಹೂಂ ಹೂಂ ಅಂದೆನಲ್ಲ, ಅದು ಕೋಪವಲ್ಲ ಕಣೋ, ಲೈನು ಹಾಳಾಗಿತ್ತು.

ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ನೀನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟ ಆ ಉದ್ದ ಕೂದಲಿನ ಇಂಗ್ಲಿಷ್ ಹುಡುಗರ ರಾಕ್ ಪ್ಲೇಟನ್ನು ತೆಗೆದು ರೆಕಾರ್ಡ್ ಪ್ಲೇಯರಿನಲ್ಲಿ ಹಾಕಿ ಕೇಳಿದೆ. ನಗಬೇಡ. "ಏಯ್, ಇದೇನ್ ಮನೇನಾ ಫ್ಯಾಕ್ಟ್ರಿನಾ?" ಅಂತ ಬೈಯುತ್ತಿದ್ದವನು ನಾನೇ. ಆದರೆ ಒಂದು ದಿನ ನೀನು ಕೈ ಹಿಡಿದು ಕೂರಿಸಿ, "ಅಪ್ಪ, ಡ್ರಮ್ ಬರೋಕ್ ಮುಂಚೆ ಒಂಚೂರು ಸುಮ್ನಿರು, ಗಿಟಾರ್ ಕೇಳು" ಅಂದೆ. ಒಂಟಿ ಗಿಟಾರು, ಯಾರೋ ಪಕ್ಕದ ಕೋಣೆಯಲ್ಲಿ ತಮ್ಮಷ್ಟಕ್ಕೆ ನುಡಿಸಿಕೊಂಡಂತೆ. ಆಮೇಲೆ ಡ್ರಮ್ಮು ಬಿತ್ತು ನೋಡು, ನಮ್ಮ ಫ್ಯಾಕ್ಟ್ರಿಯ ಪವರ್ ಪ್ರೆಸ್ಸು ತಗಡಿನ ಮೇಲೆ ಬಿದ್ದ ಹಾಗೆ! ಅವತ್ತಿನಿಂದ ಆ ಪ್ಲೇಟೆಂದರೆ ನನಗೆ ಪ್ರಾಣ, ನಿನಗೆ ಹೇಳಿರಲಿಲ್ಲ ಅಷ್ಟೇ.

ಹೋದ ಭಾನುವಾರ ಹಾಕಿದರೆ ಡ್ರಮ್ಮು ಬಂತು, ಗಿಟಾರು ಇಲ್ಲ. ಮುಳ್ಳು ಸವೆದಿದೆ ಎಂದು ಹೊಸದು ತಂದೆ. ಊಹೂಂ. ಧೂಳು ಕೂತಿರಬೇಕೆಂದು, ಬೇರಿಂಗ್ ಒರೆಸುವ ಅಭ್ಯಾಸದಲ್ಲಿ ಸೀಮೆಎಣ್ಣೆ ಹಾಕಿ ಒರೆಸಿಬಿಟ್ಟೆ. ಬೈಯುವುದಿದ್ದರೆ ಬೈದುಬಿಡು. ಆಗಲೂ ಬರಲಿಲ್ಲ.

ಇಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. ಪೀಣ್ಯದ ಫ್ಯಾಕ್ಟ್ರಿಯಲ್ಲಿ ನಮ್ಮ ಕೆಲಸ ನಿನಗೆ ಗೊತ್ತಲ್ಲ: ನನ್ನ ಜೊತೆಗಾರ ಲಕ್ಷ್ಮಯ್ಯ ಪ್ರೆಸ್ಸಿನ ಕೆಳಗೆ ತಗಡು ಇಟ್ಟು, ಕೈ ತೆಗೆದು "ಹೂಂ" ಅನ್ನಬೇಕು, ಆಮೇಲೆ ನಾನು ಪೆಡಲ್ ತುಳಿದು ಪ್ರೆಸ್ಸು ಇಳಿಸಬೇಕು. ಈಚೆಗೆ ನಾನು ಆ ಹೂಂಗೆ ಕಾಯುತ್ತಿರಲಿಲ್ಲ, ಅವನ ಭುಜ ಹಿಂದಕ್ಕೆ ಬಂದದ್ದು ನೋಡಿ ತುಳಿಯುತ್ತಿದ್ದೆ. ಶುಕ್ರವಾರ ಭುಜ ಬಂತು, ತುಳಿದೆ. ತಗಡು ಓರೆಯಾಗಿತ್ತಂತೆ, "ತಡಿಯಣ್ಣೋ" ಅಂತ ಕಿರುಚಿ ಮತ್ತೆ ಕೈ ಹಾಕಿದ್ದನಂತೆ. ಗ್ಲೌಸಿನ ತುದಿ ಹೋಯಿತು. ಬೆರಳು ಉಳಿದದ್ದು ದೇವರ ದಯೆ. ಆ ಗಲಾಟೆಯಲ್ಲಿ ಯಾರಿಗೆ ಕೇಳಿಸುತ್ತೆ ಬಿಡಿ ಅಂದರು ಎಲ್ಲರೂ, ನಾನೂ ತಲೆಯಾಡಿಸಿದೆ. ಮಧ್ಯಾಹ್ನ ಲಕ್ಷ್ಮಯ್ಯ ಅದೇ ಕೈಯಲ್ಲಿ ತನ್ನ ಬುತ್ತಿಯ ಮುದ್ದೆ ಮುರಿದು ನನಗೆ ಕೊಟ್ಟ. ಅದನ್ನು ನನ್ನ ಬುತ್ತಿಯಲ್ಲಿ ಹಾಗೇ ಮುಚ್ಚಿಟ್ಟೆ ಮಗಾ. ಎರಡು ದಿನವಾಯಿತು, ಇದನ್ನು ಅಮ್ಮನಿಗೂ ಹೇಳಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಮೆಷಿನ್ ಹತ್ತಿರ ಮೈಮರೆಯಬೇಡ. ನಿನ್ನ ಕೈಕಾಲು, ಕಣ್ಣು, ಕಿವಿ ಎಲ್ಲವನ್ನೂ ಆ ಹನುಮಂತ ಕಾಯಲಿ.

ನಿನ್ನ ಅಪ್ಪ,
ಹನುಮಂತರಾಯಪ್ಪ

ಮತ್ತೆ: ಲಕೋಟೆ ಅಂಟಿಸುವ ಮುಂಚೆ ಪ್ಲೇಟನ್ನು ಇನ್ನೊಂದು ಸಲ ಹಾಕಿದೆ. ಡ್ರಮ್ಮಿಗೆ ಮುಂಚೆ ಏನೂ ಇಲ್ಲ. ಅಷ್ಟರಲ್ಲಿ ನಿನ್ನ ಅಮ್ಮ ಅಡುಗೆಮನೆಯಿಂದ ಬಂದು ನನ್ನ ಕಿವಿಯ ಹತ್ತಿರ ಬಗ್ಗಿ, "ನಮ್ ಶ್ಯಾಮುಗೆ ಇಷ್ಟವಾದ ಗಿಟಾರು ಅಲ್ವೇನ್ರೀ" ಅಂದಳು, ಕಣ್ಣು ಒರೆಸಿಕೊಂಡಳು. ಗಿಟಾರು ಪ್ಲೇಟಿನಲ್ಲೇ ಇದೆ ಮಗನೇ. ಹೋಗಿರುವುದು ನನ್ನ ಕಿವಿ. ನಾಳೆ ಪೆಡಲ್ ಮುಟ್ಟುವುದಿಲ್ಲ, ಮೊದಲು ಲಕ್ಷ್ಮಯ್ಯನಿಗೆ ಹೇಳುತ್ತೇನೆ, ಆಮೇಲೆ ಸಾಹೇಬರಿಗೆ. ಕೆಲಸ ಉಳಿಯುತ್ತದೋ ಇಲ್ಲವೋ, ಭಯವಾಗುತ್ತಿದೆ. ಓದಿದ ಕೂಡಲೇ ಟ್ರಂಕ್ ಕಾಲ್ ಮಾಡಲು ಓಡಬೇಡ. ಕಾಗದ ಬರೆ.